ಅಡಿಕೆಯೊಳಗಿನ ರಸಾಯನ: ಜಗಿದರೆ ರೋಗ, ಶೋಧಿಸಿದರೆ ಔಷಧ

ಮದುವೆಯ ನಿಶ್ಚಯವಾಗಲಿ, ಮನೆಗೆ ಬಂದವರ ಸತ್ಕಾರವಾಗಲಿ, ಎಲೆ ಅಡಿಕೆಯಿಲ್ಲದೆ ಪೂರ್ಣವಾಗದು ಎಂಬುದು ನಮ್ಮ ನಾಡಿನ ವಾಡಿಕೆ. ದಾವಣಗೆರೆ ಸೀಮೆಯ ನಮಗಾದರೋ ಅಡಿಕೆಯು ಬರಿಯ ಮಂಗಳದ್ರವ್ಯವಲ್ಲ. ಅದು ಬದುಕಿನ ಆಧಾರವೂ ಹೌದು. ಸೂಳೆಕೆರೆಯೆಂದು ಹೆಸರಾದ ಶಾಂತಿಸಾಗರದ ನೀರು, ಭದ್ರಾ ನಾಲೆಯ ನೀರು ಹರಿದ ಕಡೆಯಲ್ಲೆಲ್ಲ ಚನ್ನಗಿರಿ ತಾಲ್ಲೂಕಿನಲ್ಲಿ ತೋಟಗಳು ಎದ್ದಿವೆ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿಯೂ, ಅದರಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ನ್ಯಾಮತಿಯಲ್ಲಿಯೂ ಭತ್ತ, ಮೆಕ್ಕೆಜೋಳಗಳ ಮಗ್ಗುಲಲ್ಲೇ ಅಡಿಕೆ ಬೆಳೆದು ನಿಂತಿದೆ. ಮಳೆ ಕಡಿಮೆಯಿರುವ ಜಗಳೂರಿನ ಬಯಲಿನಲ್ಲಿ ತೋಟಗಳು ವಿರಳ. ಆದರೂ ಅಡಿಕೆಪುಡಿಯ ಪೊಟ್ಟಣಗಳ ಮಾಲೆ ಅಲ್ಲಿನ ಅಂಗಡಿಗಳ ಮುಂದೆಯೂ ತೂಗುತ್ತದೆ. ಬೆಳೆಯುವವರು ಒಂದು ಕಡೆ, ಜಗಿಯುವವರು ಎಲ್ಲ ಕಡೆ.

ಈ ಅಡಿಕೆಯ ಬಗೆಗೆ ಈಗ ಎರಡು ಮಾತುಗಳು ಒಟ್ಟೊಟ್ಟಿಗೆ ಕಿವಿಗೆ ಬೀಳುತ್ತಿವೆ. ಅಡಿಕೆಯಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ ಎಂಬುದು ಒಂದು. ಅಡಿಕೆಯಿಂದ ವಿದೇಶದಲ್ಲಿ ಮನೋರೋಗಕ್ಕೆ ಔಷಧ ಮಾಡಿದ್ದಾರೆ ಎಂಬುದು ಇನ್ನೊಂದು. ಎರಡನ್ನೂ ಕೇಳಿದವರು ಗೊಂದಲಕ್ಕೊಳಗಾಗುವುದು ಸಹಜ. ಒಂದೇ ಕಾಯಿ ವಿಷವೂ ಮದ್ದೂ ಆಗುವುದು ಹೇಗೆ? ಈ ಪ್ರಶ್ನೆಗೆ ರಸಾಯನಶಾಸ್ತ್ರವು ಇಂದು ತಕ್ಕಮಟ್ಟಿಗೆ ಸ್ಪಷ್ಟವಾದ ಉತ್ತರ ಕೊಡಬಲ್ಲುದು. ಆ ಉತ್ತರವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಅಡಿಕೆಯ ಒಡಲಲ್ಲಿ ಏನಿದೆ?

ಅಡಿಕೆಯ ತಿರುಳಿನಲ್ಲಿ ಪಿಷ್ಟ, ಕೊಬ್ಬು, ನಾರು ಮೊದಲಾದವುಗಳ ಜೊತೆಗೆ ಎರಡು ಬಗೆಯ ದ್ರವ್ಯಗಳು ಮುಖ್ಯವಾಗಿವೆ. ಮೊದಲನೆಯವು ಆಲ್ಕಲಾಯ್ಡ್‌ಗಳು. ಸಾರಜನಕವನ್ನು ಒಳಗೊಂಡು, ಅತ್ಯಲ್ಪ ಪ್ರಮಾಣದಲ್ಲಿಯೇ ಪ್ರಾಣಿಗಳ ನರಗಳ ಮೇಲೆ ಪ್ರಭಾವ ಬೀರುವ ಸಸ್ಯದ್ರವ್ಯಗಳಿಗೆ ಈ ಹೆಸರು. ಕಾಫಿಯ ಕೆಫೀನ್, ಹೊಗೆಸೊಪ್ಪಿನ ನಿಕೋಟಿನ್ ಇದೇ ಕುಲಕ್ಕೆ ಸೇರಿದವು. ಅಡಿಕೆಯಲ್ಲಿರುವ ಪ್ರಧಾನ ಆಲ್ಕಲಾಯ್ಡ್ ಅರೆಕೋಲಿನ್. ಇದನ್ನು ಬೇರ್ಪಡಿಸಿದವನು ಜರ್ಮನಿಯ ರಸಾಯನಜ್ಞ ಯಾನ್ಸ್, ಕಾಲ 1888. ಒಣ ಅಡಿಕೆಯ ತೂಕದಲ್ಲಿ ಇದರ ಪಾಲು ಸಾಮಾನ್ಯವಾಗಿ ಶೇಕಡಾ ಒಂದಕ್ಕಿಂತಲೂ ಕಡಿಮೆ. ಇದರ ಸಂಗಡ ಅರೆಕೈಡಿನ್, ಗುವಾಕೋಲಿನ್, ಗುವಾಸಿನ್ ಎಂಬ ಮೂರು ಬಂಧುಗಳಿವೆ. ಅಡಿಕೆಗೆ ಸಂಸ್ಕೃತದಲ್ಲಿ ಗುವಾಕ ಎಂಬ ಹೆಸರಿದೆ. ಕೊನೆಯ ಎರಡು ಹೆಸರುಗಳು ಅದರಿಂದಲೇ ಹುಟ್ಟಿದವು.

ಎರಡನೆಯವು ಟ್ಯಾನಿನ್‌ಗಳು. ಎಳೆ ಅಡಿಕೆಯನ್ನು ಕಚ್ಚಿದಾಗ ನಾಲಿಗೆ ಒಗರಾಗಿ ಹಿಡಿದುಕೊಳ್ಳುವುದು ಇವುಗಳಿಂದ. ಕಾಯಿ ಬಲಿತಂತೆ ಇವು ಕಡಿಮೆಯಾಗುತ್ತವೆ. ಕೆಂಪಡಿಕೆ ಮಾಡುವವರು ಹಸಿರು ಕಾಯಿಯನ್ನು ಸುಲಿದು, ಹಂಡೆಯಲ್ಲಿ ಬೇಯಿಸುವಾಗ ನೀರಿಗಿಳಿದು ಗಟ್ಟಿಯಾಗುವ ಚೊಗರು ಎಂದರೆ ಬಹುಮಟ್ಟಿಗೆ ಈ ಟ್ಯಾನಿನ್‌ಗಳ ಕಷಾಯವೇ. ಬೇಯಿಸುವಾಗ ಅರೆಕೋಲಿನ್‌ನ ಒಂದು ಭಾಗವೂ ನೀರಿಗೆ ಇಳಿಯುತ್ತದೆ. ಆದ್ದರಿಂದ ಬೇಯಿಸಿದ ಅಡಿಕೆಯ ಅಮಲು ಹಸಿ ಅಡಿಕೆಗಿಂತ ಕಡಿಮೆ. ಆದರೆ ಅದು ಇಲ್ಲವಾಗುವುದಿಲ್ಲ.

ಅಭ್ಯಾಸವಿಲ್ಲದವರು ಅಡಿಕೆ ತಿಂದಾಗ ಕೆಲವೊಮ್ಮೆ ಬೆವರು ಒಡೆಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ತಲೆ ತಿರುಗುತ್ತದೆ. ಹಳ್ಳಿಯಲ್ಲಿ ಇದನ್ನು ಅಡಿಕೆ ಸೊಕ್ಕಿತು ಎನ್ನುತ್ತಾರೆ. ಹೀಗೆ ಸೊಕ್ಕಿಸುವುದು ಅರೆಕೋಲಿನ್. ನಮ್ಮ ನರಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ದ್ರವ್ಯ ದೇಹದಲ್ಲಿ ಸಹಜವಾಗಿಯೇ ಇದೆ. ಅದು ಬಂದು ಕೂರುವ ಗ್ರಾಹಕಗಳೆಂಬ ಬೀಗಗಳು ಮಿದುಳಿನಲ್ಲಿಯೂ ಹೃದಯ, ಕರುಳು, ಜೊಲ್ಲುಗ್ರಂಥಿಗಳಲ್ಲಿಯೂ ಇವೆ. ಅರೆಕೋಲಿನ್ ಅಣುವಿನ ಆಕಾರ ಆ ಬೀಗಗಳಿಗೆ ಹೊಂದುವ ಕಳ್ಳಕೀಲಿಯಂತಿದೆ. ಅದು ಎಲ್ಲ ಬೀಗಗಳನ್ನೂ ಒಟ್ಟಿಗೆ ತೆರೆಯುವುದರಿಂದ ಮೈಗೆ ಚುರುಕು, ಬಾಯಿಗೆ ಜೊಲ್ಲು, ಹಣೆಗೆ ಬೆವರು ಏಕಕಾಲಕ್ಕೆ ಬರುತ್ತವೆ. ಅಡಿಕೆಯ ಚಟ ಹತ್ತುವುದಕ್ಕೂ ಈ ಚುರುಕೇ ಕಾರಣ.

ಸುಣ್ಣ ಮಾಡುವ ಕೆಲಸ

ಎಲೆಗೆ ಸುಣ್ಣ ಹಚ್ಚುವುದು ರುಚಿಗಾಗಿ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಸುಣ್ಣವು ಪ್ರಬಲವಾದ ಕ್ಷಾರ. ಕ್ಷಾರದ ಸಂಪರ್ಕದಲ್ಲಿ ಅರೆಕೋಲಿನ್ ತನ್ನ ಲವಣರೂಪವನ್ನು ಬಿಟ್ಟು ಬಿಡಿರೂಪಕ್ಕೆ ಬರುತ್ತದೆ. ಬಿಡಿಯಾದ ಅಣು ಬಾಯಿಯ ಒಳಪೊರೆಯನ್ನು ಸುಲಭವಾಗಿ ದಾಟಿ ರಕ್ತವನ್ನು ಸೇರುತ್ತದೆ. ಜೊತೆಗೆ ಸುಣ್ಣವು ಅರೆಕೋಲಿನ್‌ನ ಒಂದು ಭಾಗವನ್ನು ಒಡೆದು ಅರೆಕೈಡಿನ್ ಆಗಿ ಮಾರ್ಪಡಿಸುತ್ತದೆ.

ತಾಂಬೂಲದ ಕೆಂಪು ಬಣ್ಣವೂ ಈ ರಸಾಯನದ ಫಲ. ಅಡಿಕೆಯ ಕ್ಯಾಟಿಚಿನ್ ಮುಂತಾದ ದ್ರವ್ಯಗಳು ಕ್ಷಾರದಲ್ಲಿ ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಕೆಂಪು ವರ್ಣದ್ರವ್ಯಗಳಾಗುತ್ತವೆ. ಆ ಹೊತ್ತಿನಲ್ಲಿ ಆಮ್ಲಜನಕದ ಅತಿಚುರುಕಿನ ರೂಪಗಳೂ ಹುಟ್ಟುತ್ತವೆ. ಅವು ಬಾಯಿಯ ಜೀವಕೋಶಗಳ ಒಳಗಿನ ವಂಶದ್ರವ್ಯವಾದ ಡಿಎನ್‌ಎಗೆ ಪೆಟ್ಟು ಕೊಡಬಲ್ಲವು. ತುಟಿಯ ಕೆಂಪನ್ನು ನಾವು ಚೆಲುವೆಂದು ಎಣಿಸುತ್ತೇವೆ. ಆ ಕೆಂಪು ಮೂಡುವ ಕ್ಷಣವೇ ಒಳಗೆ ಗಾಯವಾಗುವ ಕ್ಷಣವೂ ಆಗಿದೆ.

ಬಾಯಿ ಬಿಗಿಯುವುದು ಹೇಗೆ?

ಅಡಿಕೆ ಜಗಿಯುವವರಲ್ಲಿ ಕಾಣುವ ವಿಶಿಷ್ಟವಾದ ಕಾಯಿಲೆಯೊಂದಿದೆ. ಖಾರ ತಾಗಿದರೆ ಬಾಯಿ ಉರಿಯುತ್ತದೆ. ಕ್ರಮೇಣ ಕೆನ್ನೆಯ ಒಳಭಾಗ ಬಿಳಿಚಿ, ಗಡುಸಾಗಿ, ಹುರಿಯಂತಹ ಪಟ್ಟಿಗಳು ಕೈಗೆ ಸಿಗುತ್ತವೆ. ಬಾಯಿ ತೆರೆಯುವುದು ದಿನದಿಂದ ದಿನಕ್ಕೆ ಕಡಿಮೆಯಾಗಿ, ಕೊನೆಗೆ ತುತ್ತು ಇಡುವುದೂ ಕಷ್ಟವಾಗುತ್ತದೆ. ವೈದ್ಯರು ಇದನ್ನು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಭಾರತೀಯ ಮಹಿಳೆಯರಲ್ಲಿ ಇದನ್ನು ಕಂಡು ವರ್ಣಿಸಿದರು; ಮರುವರ್ಷ ಮುಂಬಯಿಯ ಡಾ. ಜೋಶಿಯವರು ನಮ್ಮ ದೇಶದಲ್ಲಿ ಗುರುತಿಸಿದರು.

ಇದರ ಹಿಂದಿನ ರಸಾಯನವನ್ನು ತಿಳಿಯಲು ನಮ್ಮ ಹಳ್ಳಿಗಳ ಹಳೆಯ ಕಸುಬೊಂದನ್ನು ನೆನೆಯಬಹುದು. ಹಸಿ ತೊಗಲನ್ನು ಹದಮಾಡುವವರು ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ಅದನ್ನು ನೆನೆಸುತ್ತಿದ್ದರು. ತೊಗಟೆಯಲ್ಲಿರುವುದು ಟ್ಯಾನಿನ್. ಅದು ತೊಗಲಿನ ಕೊಲ್ಯಾಜೆನ್ ಎಂಬ ನಾರುಗಳನ್ನು ಒಂದಕ್ಕೊಂದು ಹೆಣೆದು, ಕೊಳೆಯದಂತೆ ಗಟ್ಟಿಮಾಡುತ್ತದೆ. ಅಡಿಕೆಯ ಟ್ಯಾನಿನ್ ನಮ್ಮ ಕೆನ್ನೆಯ ಒಳಗೂ ಇದನ್ನೇ ಮಾಡುತ್ತದೆ. ಅರೆಕೋಲಿನ್ ಮತ್ತು ಅರೆಕೈಡಿನ್ ಅಲ್ಲಿನ ಜೀವಕೋಶಗಳನ್ನು ಪ್ರಚೋದಿಸಿ ಹೆಚ್ಚು ಕೊಲ್ಯಾಜೆನ್ ಉತ್ಪತ್ತಿಯಾಗುವಂತೆ ಮಾಡುತ್ತವೆ. ಅಡಿಕೆಯಲ್ಲಿ ಇತರ ಆಹಾರಗಳಿಗಿಂತ ಅಧಿಕವಾಗಿರುವ ತಾಮ್ರವು ನಾರುಗಳನ್ನು ಹೆಣೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಟ್ಯಾನಿನ್ ಆ ಹೆಣಿಗೆಯನ್ನು ದೇಹ ಬಿಚ್ಚಲಾರದಂತೆ ಬಿಗಿಯುತ್ತದೆ. ಹೀಗೆ ಮೂರೂ ಸೇರಿ ಮೃದುವಾದ ಕೆನ್ನೆಯನ್ನು ಒಳಗಿನಿಂದ ತೊಗಲಿನಂತೆ ಹದಮಾಡಿಬಿಡುತ್ತವೆ.

ಈ ಸ್ಥಿತಿ ಕ್ಯಾನ್ಸರಿಗೆ ದಾರಿಯಾಗಬಲ್ಲುದು. ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ಇಂತಹ 66 ರೋಗಿಗಳನ್ನು 17 ವರ್ಷಗಳ ಕಾಲ ಗಮನಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 5 ಮಂದಿಗೆ ಬಾಯಿಯ ಕ್ಯಾನ್ಸರ್ ಬಂದಿತ್ತು. ಜೊಲ್ಲಿನಲ್ಲಿರುವ ನೈಟ್ರೈಟ್ ಅಡಿಕೆಯ ಆಲ್ಕಲಾಯ್ಡ್‌ಗಳೊಡನೆ ಸೇರಿ ನೈಟ್ರೋಸಮೀನ್‌ಗಳೆಂಬ ದ್ರವ್ಯಗಳಾಗುತ್ತವೆ. ಅವುಗಳಲ್ಲಿ ಕೆಲವು ಪ್ರಾಣಿಗಳಲ್ಲಿ ಕ್ಯಾನ್ಸರ್ ಉಂಟುಮಾಡುವುದು ಸಿದ್ಧಪಟ್ಟಿದೆ.

“ನಮ್ಮ ಅಜ್ಜಿ ಜಗಿಯುತ್ತಿರಲಿಲ್ಲವೇ?”

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಎರಡೂ ಗೌರವಕ್ಕೆ ಅರ್ಹವಾದವು. ಕೇಡು ಮಾಡುವುದು ಹೊಗೆಸೊಪ್ಪು, ಅಡಿಕೆ ನಿರಪರಾಧಿ ಎಂಬುದು ಮೊದಲನೆಯದು. ಹೊಗೆಸೊಪ್ಪು ಸೇರಿದಾಗ ಅಪಾಯ ಹೆಚ್ಚುವುದು ನಿಜ. ಆದರೆ ತೈವಾನ್ ದೇಶದಲ್ಲಿ ಅಡಿಕೆಯನ್ನು ಹೊಗೆಸೊಪ್ಪು ಸೇರಿಸದೆಯೇ ಜಗಿಯುತ್ತಾರೆ. ಅಲ್ಲಿಯೂ ಜಗಿಯುವವರಲ್ಲಿ ಬಾಯಿಯ ಕ್ಯಾನ್ಸರ್ ಅಧಿಕವಾಗಿಯೇ ಕಂಡಿತು. ಇಂತಹ ಆಧಾರಗಳನ್ನು ಪರಿಶೀಲಿಸಿ, ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ವರ್ಗದ ಪಟ್ಟಿಗೆ ಸೇರಿಸಿತು. ಅರೆಕೋಲಿನ್ ಒಂದನ್ನೇ ಬೇರೆಯಾಗಿ ಪರಿಶೀಲಿಸಿ, ಅದು ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು 2020ರಲ್ಲಿ ಅದೇ ಸಂಸ್ಥೆ ತೀರ್ಮಾನಿಸಿತು.

ಹಿರಿಯರು ಜಗಿದೂ ದೀರ್ಘಕಾಲ ಬಾಳಿದರು ಎಂಬುದು ಎರಡನೆಯ ಆಕ್ಷೇಪ. ಬಾಳಿದವರು ಇದ್ದಾರೆ, ಬಾಯಿಯ ಹುಣ್ಣಿನಿಂದ ಹೋದವರೂ ಇದ್ದರು, ಆದರೆ ಅದಕ್ಕೆ ಆಗ ಹೆಸರಿರಲಿಲ್ಲ. ಹಿರಿಯರು ಊಟದ ನಂತರ ಹಾಕಿಕೊಳ್ಳುತ್ತಿದ್ದುದು ಹಸಿರೆಲೆಯ ತಾಂಬೂಲ. ವೀಳ್ಯದೆಲೆಯಲ್ಲಿ ಜೀವಕೋಶಗಳಿಗೆ ರಕ್ಷಣೆ ಕೊಡುವ ಕೆಲವು ದ್ರವ್ಯಗಳೂ ಇವೆ. ಇಂದಿನ ಪೊಟ್ಟಣದಲ್ಲಿ ಎಲೆಯೇ ಇಲ್ಲ. ಇರುವುದು ನೀರಿನಂಶ ತೆಗೆದ, ಆದ್ದರಿಂದ ತೂಕಕ್ಕೆ ತಕ್ಕಂತೆ ಸಾಂದ್ರವಾದ ಅಡಿಕೆಪುಡಿ ಮತ್ತು ಸುವಾಸನೆ. ಅದನ್ನು ಹಾಕಿಕೊಳ್ಳಲು ಊಟವಾಗಬೇಕೆಂಬ ನಿಯಮವಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಕೆನ್ನೆಯಲ್ಲಿ ಅದು ಇರುತ್ತದೆ. ಹಿಂದೆ ಮುಪ್ಪಿನಲ್ಲಿ ಕಾಣುತ್ತಿದ್ದ ಬಾಯಿಬಿಗಿತ ಈಗ ಹದಿಹರೆಯದವರಲ್ಲಿಯೂ ಕಾಣುತ್ತಿರುವುದು ಇದರಿಂದಲೇ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಅಂದಿನಿಂದ ಅಡಿಕೆಯ ಪೊಟ್ಟಣ ಬೇರೆ, ಹೊಗೆಸೊಪ್ಪಿನ ಪೊಟ್ಟಣ ಬೇರೆಯಾಗಿ ಮಾರಾಟವಾಗುತ್ತವೆ. ಕೊಂಡವರು ಅಂಗೈಯಲ್ಲಿ ಎರಡನ್ನೂ ಬೆರೆಸಿಕೊಳ್ಳುತ್ತಾರೆ. ಕಾನೂನು ಅಂಗಡಿಯವರೆಗೆ ಬಂದಿತು, ಅಂಗೈಯವರೆಗೆ ಬರಲಾರದು.

ಅದೇ ಅಣುವಿನಿಂದ ಔಷಧ

ಇನ್ನು ಎರಡನೆಯ ಮಾತಿಗೆ ಬರೋಣ. ಸಸ್ಯದಲ್ಲಿ ಸಿಕ್ಕ ಅಣುವನ್ನು ಮಾದರಿಯಾಗಿಟ್ಟುಕೊಂಡು, ಅದರ ದೋಷಗಳನ್ನು ತೆಗೆದು, ಗುಣವನ್ನು ಉಳಿಸಿಕೊಂಡ ಹೊಸ ಅಣುವನ್ನು ಪ್ರಯೋಗಶಾಲೆಯಲ್ಲಿ ಕಟ್ಟುವುದು ರಸಾಯನಶಾಸ್ತ್ರದ ದೊಡ್ಡ ಸಾಧನೆಗಳಲ್ಲಿ ಒಂದು. ಅಡಿಕೆಯ ವಿಷಯದಲ್ಲಿ ಇಂತಹ ಎರಡು ಪ್ರಯತ್ನಗಳು ಫಲ ಕೊಟ್ಟಿವೆ.

ಮೊದಲನೆಯದು ಡೆನ್ಮಾರ್ಕಿನಲ್ಲಿ ನಡೆಯಿತು. ಮಿದುಳಿನ ಉದ್ರೇಕವನ್ನು ತಣಿಸುವ ಗಾಬಾ ಎಂಬ ದ್ರವ್ಯವನ್ನು ನರಕೋಶಗಳು ಬೇಗನೆ ಹೀರಿಕೊಂಡುಬಿಡುತ್ತವೆ. ಅಡಿಕೆಯ ಗುವಾಸಿನ್ ಈ ಹೀರುವಿಕೆಯನ್ನು ತಡೆಯುತ್ತದೆ ಎಂಬುದು 1970ರ ದಶಕದಲ್ಲಿ ತಿಳಿದುಬಂದಿತು. ಮೂರ್ಛೆರೋಗಕ್ಕೆ ಇದು ಉಪಯುಕ್ತವಾದ ಗುಣ. ಆದರೆ ರಕ್ತದಿಂದ ಮಿದುಳಿಗೆ ಕಂಡಕಂಡ ದ್ರವ್ಯ ಹೋಗದಂತೆ ಕಾಯುವ ತಡೆಗೋಡೆಯನ್ನು ಗುವಾಸಿನ್ ದಾಟಲಾರದು. ಕ್ರೋಗ್ಸ್‌ಗಾರ್ಡ್-ಲಾರ್ಸನ್ ಮತ್ತು ಅವರ ಸಂಗಡಿಗರು ಇದೇ ಮಾದರಿಯ ಅಣುಗಳನ್ನು ಸಂಶ್ಲೇಷಿಸಿ ಪರೀಕ್ಷಿಸಿದರು. ಗುವಾಸಿನ್‌ನ ಸಮೀಪದ ಬಂಧುವಾದ ನಿಪೆಕೋಟಿಕ್ ಆಮ್ಲಕ್ಕೆ ಎಣ್ಣೆಯ ಗುಣವುಳ್ಳ ಬಾಲವನ್ನು ಜೋಡಿಸಿದಾಗ ಅಣು ಗೋಡೆಯನ್ನು ದಾಟಿತು. ಹಾಗೆ ರೂಪುಗೊಂಡ ಟಯಾಗಬಿನ್ ಎಂಬ ಔಷಧಕ್ಕೆ 1997ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಎರಡನೆಯದು ತೀರ ಇತ್ತೀಚಿನದು. ಅರೆಕೋಲಿನ್ ಸ್ಮರಣೆಯನ್ನು ಸ್ವಲ್ಪಮಟ್ಟಿಗೆ ಚುರುಕುಗೊಳಿಸುತ್ತದೆ ಎಂದು 1978ರಲ್ಲಿಯೇ ಮನುಷ್ಯರ ಮೇಲಿನ ಪ್ರಯೋಗದಿಂದ ತಿಳಿದಿತ್ತು. ಅದನ್ನು ಮದ್ದಾಗಿಸಲು ಎರಡು ಅಡ್ಡಿಗಳಿದ್ದವು. ಅದರ ಅಣುವಿನಲ್ಲಿರುವ ಎಸ್ಟರ್ ಎಂಬ ಕೊಂಡಿಯನ್ನು ದೇಹ ಬಹುಬೇಗ ಕತ್ತರಿಸಿಬಿಡುತ್ತದೆ. ಸುಣ್ಣ ಬಾಯಲ್ಲಿ ಕತ್ತರಿಸುವುದೂ ಇದೇ ಕೊಂಡಿಯನ್ನು. ಜೊತೆಗೆ ಅದು ಎಲ್ಲ ಬೀಗಗಳನ್ನೂ ತೆರೆಯುವುದರಿಂದ ಬೇಕಾದ ಫಲಕ್ಕಿಂತ ಬೇಡದ ಫಲವೇ ಹೆಚ್ಚು. 1990ರ ದಶಕದ ಆರಂಭದಲ್ಲಿ ಎಲೈ ಲಿಲ್ಲಿ ಮತ್ತು ನೋವೋ ನಾರ್ಡಿಸ್ಕ್ ಕಂಪನಿಗಳ ರಸಾಯನಜ್ಞರು ಅರೆಕೋಲಿನ್‌ನ ಸಾರಜನಕಯುಕ್ತ ಉಂಗುರವನ್ನು ಹಾಗೆಯೇ ಉಳಿಸಿಕೊಂಡು, ಎಸ್ಟರ್ ಕೊಂಡಿಯ ಸ್ಥಳದಲ್ಲಿ ಎರಡು ಸಾರಜನಕ ಮತ್ತು ಒಂದು ಗಂಧಕದ ಪರಮಾಣುಗಳುಳ್ಳ ಗಟ್ಟಿಯಾದ ಇನ್ನೊಂದು ಉಂಗುರವನ್ನು ಕೂರಿಸಿದರು. ಅದಕ್ಕೆ ಆರು ಇಂಗಾಲಗಳ ಸರಪಳಿಯೊಂದನ್ನು ತಗುಲಿಸಿದರು. ಇದೇ ಝನೋಮೆಲಿನ್. ಅದು ಮಿದುಳಿನಲ್ಲಿ ಮುಖ್ಯವಾದ ಎರಡು ಬಗೆಯ ಬೀಗಗಳ ಮೇಲೆ ಹೆಚ್ಚು ಒಲವುಳ್ಳದ್ದು.

ಮರೆವಿನ ರೋಗಿಗಳಿಗೆ ಕೊಟ್ಟಾಗ ಅವರ ಭ್ರಮೆ, ಉದ್ವೇಗಗಳು ಕಡಿಮೆಯಾದವು. ಆದರೆ ವಾಂತಿ, ಬೆವರು, ಹೊಟ್ಟೆಯ ಬಾಧೆಯಿಂದ ಅನೇಕರು ಅದನ್ನು ಬಿಟ್ಟುಬಿಟ್ಟರು. ಔಷಧ ಹಲವು ವರ್ಷ ಕಪಾಟಿನಲ್ಲಿಯೇ ಉಳಿಯಿತು. ಕಡೆಗೆ ಪರಿಹಾರ ಸಿಕ್ಕಿದ್ದು ಹಳೆಯ ಔಷಧವೊಂದರಲ್ಲಿ. ಮೂತ್ರಕೋಶದ ತೊಂದರೆಗೆ ಬಳಸುವ ಟ್ರೋಸ್ಪಿಯಂ ಅಸಿಟೈಲ್‌ಕೋಲಿನ್ ಬೀಗಗಳನ್ನು ಮುಚ್ಚುತ್ತದೆ. ಅದರ ಅಣು ವಿದ್ಯುದಾವೇಶವುಳ್ಳದ್ದಾದ್ದರಿಂದ ಮಿದುಳಿನ ಗೋಡೆಯನ್ನು ದಾಟದು. ಎರಡನ್ನೂ ಸೇರಿಸಿ ಕೊಟ್ಟಾಗ ಮಿದುಳಿನಲ್ಲಿ ಬೀಗ ತೆರೆಯಿತು, ಹೊಟ್ಟೆಯಲ್ಲಿ ಬಹುಪಾಲು ಮುಚ್ಚಿಕೊಂಡಿತು. ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗಕ್ಕೆ ಈ ಜೋಡಿ ಔಷಧವನ್ನು ಅಮೆರಿಕ 2024ರ ಸೆಪ್ಟೆಂಬರಿನಲ್ಲಿ ಅಂಗೀಕರಿಸಿತು. 1950ರ ದಶಕದಿಂದ ಬಂದ ಈ ರೋಗದ ಮದ್ದುಗಳೆಲ್ಲ ಡೋಪಮೀನ್ ಎಂಬ ಬೇರೊಂದು ದ್ರವ್ಯದ ಮಾರ್ಗವನ್ನೇ ನಂಬಿದ್ದವು. ಹೊಸ ಮಾರ್ಗವೊಂದು ತೆರೆದುದು ಈಗ. ಅದನ್ನು ತೋರಿಸಿದ್ದು ನಮ್ಮ ತೋಟದ ಕಾಯಿ.

ಹಾಗಾದರೆ ಜಗಿಯುವುದು ಒಳ್ಳೆಯದೇ?

ಅಲ್ಲ. ಇಲ್ಲಿಯೇ ಎಲ್ಲರೂ ಎಚ್ಚರದಿಂದ ಯೋಚಿಸಬೇಕು. ಔಷಧವಾದದ್ದು ಅಡಿಕೆಯಲ್ಲ, ಅಡಿಕೆಯ ಅಣುವನ್ನು ತಿದ್ದಿ ಕಟ್ಟಿದ ಬೇರೊಂದು ಅಣು. ಅದು ಅಳತೆಮಾಡಿದ ಪ್ರಮಾಣದಲ್ಲಿ ಗುಳಿಗೆಯಾಗಿ ಹೊಟ್ಟೆಗೆ ಹೋಗುತ್ತದೆ. ಸುಣ್ಣ, ಟ್ಯಾನಿನ್, ತಾಮ್ರಗಳೊಡನೆ ಗಂಟೆಗಟ್ಟಲೆ ಕೆನ್ನೆಯ ಪೊರೆಗೆ ಅಂಟಿಕೊಂಡಿರುವುದಿಲ್ಲ. ಜಗಿಯುವವನಿಗೆ ಸಿಗುವುದು ತಿದ್ದದ ಅಣು, ಅಳೆಯದ ಪ್ರಮಾಣ, ತಡೆಯಿಲ್ಲದ ಅಡ್ಡಪರಿಣಾಮ. ಮನೋರೋಗದ ಚಿಕಿತ್ಸೆಯಲ್ಲಿರುವವರು ಈ ಸುದ್ದಿ ಕೇಳಿ ಮಾತ್ರೆ ಬಿಟ್ಟು ಅಡಿಕೆ ಹಿಡಿದರೆ ಎರಡು ಕಡೆಯಿಂದಲೂ ನಷ್ಟ.

ಬೆಳೆಗಾರರಿಗೂ ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ಝನೋಮೆಲಿನ್ ತಯಾರಿಸಲು ಅಡಿಕೆ ಬೇಕಾಗುವುದಿಲ್ಲ. ಪಿರಿಡಿನ್ ವರ್ಗದ ಸರಳ ದ್ರವ್ಯದಿಂದ ಆರಂಭಿಸಿ ಅದನ್ನು ಸಂಶ್ಲೇಷಿಸುತ್ತಾರೆ. ಆದ್ದರಿಂದ ಔಷಧದ ಸುದ್ದಿಯಿಂದ ಚನ್ನಗಿರಿಯ ಮಾರುಕಟ್ಟೆಯಲ್ಲಿ ರಾಶಿ ಅಡಿಕೆಯ ಧಾರಣೆ ಏರೀತೆಂದು ಎಣಿಸುವುದು ಸರಿಯಲ್ಲ. ಆದರೆ ನಿರಾಶೆಗೂ ಕಾರಣವಿಲ್ಲ. ಬಾಯಿಯ ಹೊರಗೆ ಇದೇ ರಸಾಯನ ನಿರಪಾಯವಾಗಿ ದುಡಿಯಬಲ್ಲುದು. ಕೆನ್ನೆಯ ನಾರನ್ನು ಬಿಗಿಯುವ ಅದೇ ಟ್ಯಾನಿನ್ ಹತ್ತಿಯ ನೂಲಿಗೆ ಬಣ್ಣವಾಗಿ ಹಿಡಿಯುತ್ತದೆ. ಸಾಗರದ ಸಮೀಪದ ಹೆಗ್ಗೋಡಿನ ಚರಕ ಸಂಸ್ಥೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಅಡಿಕೆಯ ಚೊಗರನ್ನು ನೈಸರ್ಗಿಕ ಬಣ್ಣವಾಗಿ ಕೈಮಗ್ಗದ ಬಟ್ಟೆಗೆ ಬಳಸುತ್ತಾರೆ. ಚೊಗರು ಮಲೆನಾಡಿನಲ್ಲಿ ಮಾತ್ರ ಸಿಗುವ ವಸ್ತುವಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಬೇಯಿಸುವ ಹಂಡೆಗಳಲ್ಲಿಯೂ ಅದು ಇದೆ. ಬೆಳೆಗಾರರ ಸಹಕಾರ ಸಂಘಗಳು ಈ ದಿಕ್ಕಿನಲ್ಲಿ ಯೋಚಿಸಿದರೆ, ಬೆಳೆಯ ಭವಿಷ್ಯ ಜಗಿಯುವವರ ಚಟವೊಂದನ್ನೇ ನೆಚ್ಚಿಕೊಂಡಿರಬೇಕಾಗಿಲ್ಲ.

ನಾವು ಮಾಡಬೇಕಾದದ್ದು

ಮನೆಯಲ್ಲಿ ಅಡಿಕೆ, ಪಾನ್ ಮಸಾಲೆ ಜಗಿಯುವವರಿದ್ದರೆ ಒಂದು ಸುಲಭವಾದ ಪರೀಕ್ಷೆಯಿದೆ. ತಮ್ಮದೇ ಕೈಯ ತೋರು, ನಡು, ಉಂಗುರ ಬೆರಳುಗಳನ್ನು ಒಟ್ಟುಗೂಡಿಸಿ, ಒಂದರ ಮೇಲೊಂದು ಬರುವಂತೆ ನಿಲುವಾಗಿ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಲಿ. ಮೂರು ಬೆರಳು ಹಿಡಿಸದಿದ್ದರೆ ಬಾಯಿ ಬಿಗಿಯತೊಡಗಿರಬಹುದು. ಖಾರಕ್ಕೆ ಉರಿ, ಎರಡು ವಾರವಾದರೂ ಮಾಯದ ಹುಣ್ಣು, ಕೆನ್ನೆಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಹಲ್ಲು ಸಡಿಲವಾಗುವುದು, ಕುತ್ತಿಗೆಯಲ್ಲಿ ಗಂಟು: ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ದಂತವೈದ್ಯರಲ್ಲಿಗೆ ಹೋಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಬಹುದು. ದಾವಣಗೆರೆಯಲ್ಲಿ ದಂತವೈದ್ಯ ಕಾಲೇಜುಗಳೇ ಇವೆ.

ಬಿಗಿದ ನಾರು ಪೂರ್ತಿಯಾಗಿ ಮೊದಲಿನಂತಾಗುವುದು ವಿರಳ. ಆದರೆ ಜಗಿಯುವುದನ್ನು ಅಂದೇ ನಿಲ್ಲಿಸಿದರೆ ಬಿಗಿತ ಮುಂದುವರಿಯುವುದು ತಗ್ಗುತ್ತದೆ, ಉರಿ ಕಡಿಮೆಯಾಗುತ್ತದೆ, ವೈದ್ಯರು ಹೇಳಿಕೊಡುವ ಬಾಯಿಯ ವ್ಯಾಯಾಮ ಮತ್ತು ಔಷಧಗಳಿಗೆ ಫಲ ಸಿಗುತ್ತದೆ. ಬಿಟ್ಟ ಮೊದಲ ದಿನಗಳಲ್ಲಿ ತಲೆನೋವು, ಸಿಡುಕು, ಮಂಕು ಕಾಣಿಸಿಕೊಳ್ಳಬಹುದು. ಅದು ಅರೆಕೋಲಿನ್ ಇಲ್ಲದೆ ನರಗಳು ತಮ್ಮ ಸಹಜಸ್ಥಿತಿಗೆ ಮರಳುವ ಲಕ್ಷಣ. ಆ ದಿನಗಳಲ್ಲಿ ಮನೆಯವರು ಬೈಯದೆ, ಏಲಕ್ಕಿಯನ್ನೋ ಸೋಂಪನ್ನೋ ಕೈಗಿತ್ತು ಜೊತೆ ನಿಲ್ಲಬೇಕು. ಹೊಗೆಸೊಪ್ಪನ್ನೂ ಬೆರೆಸಿ ತಿನ್ನುವವರು ಕೇಂದ್ರ ಸರ್ಕಾರದ ತಂಬಾಕು ತ್ಯಜಿಸುವ ಉಚಿತ ದೂರವಾಣಿ 1800-11-2356ಕ್ಕೆ ಕರೆಮಾಡಬಹುದು.

ಶುಭಕಾರ್ಯದ ತಟ್ಟೆಯಲ್ಲಿ ಎಲೆ ಅಡಿಕೆ ಇರಲಿ, ಅದು ಸಂಸ್ಕೃತಿಯ ಗುರುತು. ತಟ್ಟೆಯಲ್ಲಿ ಇದ್ದದ್ದೆಲ್ಲ ಬಾಯಿಗೆ ಹೋಗಲೇಬೇಕೆಂಬ ಕಟ್ಟಳೆಯೇನೂ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಡಿಕೆಗೆ ಹೋದ ಬಾಯಿಯ ವಿಷಯದಲ್ಲಿಯೂ ಆ ಮಾತು ಅಷ್ಟೇ ಸತ್ಯ. ತೋಟಕ್ಕೆ ನೀರು ಬಿಡುವ ಮಗನ, ಚೊಗರು ಕಾಯಿಸುವ ಮಗಳ ಬಾಯಿಯನ್ನು ಈ ತಿಂಗಳು ಒಮ್ಮೆ ಬೆಳಕಿಗೆ ತಿರುಗಿಸಿ ನೋಡೋಣ.